ಮೇಟಿಗೆ ಬಳೆ ತೊಡಿಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಗಂಗಪ್ಪನವರಿಗೆ ಯಾವ ವಸ್ತುವನ್ನೂ ಕೈಯಿಂದ ಕೈಗೆ ಕೊಡುವ ಅಭ್ಯಾಸವೇ ಇರಲಿಲ್ಲ. ಎಸೆಯುತ್ತಿದ್ದರು. ಬದನೆಕಾಯಿ, ಬೀಗದ ಕೈ, ಅಪ್ಪನ ನಶ್ಯದ ಡಬ್ಬಿ, ನನ್ನ ತರ್ಕಶಾಸ್ತ್ರದ ಪುಸ್ತಕ, ಎಲ್ಲವೂ ನಡುಮನೆಯಲ್ಲಿ ಗಾಳಿಯ ಮೇಲೆಯೇ ಸಂಚರಿಸಿ ಸೇರಬೇಕಾದವರನ್ನು ಸೇರುತ್ತಿದ್ದವು. ಎಸೆಯುವ ಮುನ್ನ ಅವರು ಎದುರಿನವರ ಕಣ್ಣನ್ನು ಹುಡುಕುತ್ತಿದ್ದರು. ಕಣ್ಣು ಸಿಗದಿದ್ದರೆ ವಸ್ತು ಅವರ ಕೈಯಲ್ಲೇ ಉಳಿಯುತ್ತಿತ್ತು. “ಮೊದ್ಲು ಕಣ್ ಕೊಡು, ಆಮೇಲೆ ಕೈ ಕೊಡು” ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ. ಅವ್ವ ಮಾತ್ರ ಗದರುತ್ತಿದ್ದಳು: “ಇದು ಅಡಿಗೆಮನೆ ಕಣಪ್ಪ, ನಿನ್ನ ಪಿನಾಂಗಲ್ಲ. ಮೊಟ್ಟೆ ಎಸೆದೀಯ, ಜೋಕೆ!” ಹಾಗೆನ್ನುವಾಗಲೇ ಅವಳು ಕಣ್ಣು ಕೊಟ್ಟುಬಿಟ್ಟಿರುತ್ತಿದ್ದಳು. ಮೊಟ್ಟೆ ಬಂದು ಅವಳ ಸೆರಗಿನಲ್ಲಿ ಬೀಳುತ್ತಿತ್ತು, ಒಡೆಯದೆ.

ಹೇರೋಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಚಿಕ್ಕಪ್ಪ, ಯುದ್ಧಕಾಲದಲ್ಲಿ ಪಟ್ಟಾಳದ ಲಾರಿ ಓಡಿಸಲು ಬರ್ಮಾದ ಕಡೆಗೆ ಹೋದವರು. ಬಿಡುವಿನ ಸಂಜೆಗಳಲ್ಲಿ ಅಲ್ಲಿನ ಸಿಪಾಯಿಗಳಿಂದ ಬ್ಯಾಸ್ಕೆಟ್‌ಬಾಲ್ ಕಲಿತರು. ಯುದ್ಧ ಮುಗಿದು ಮಲಯಾದಲ್ಲಿ ಪಟ್ಟಾಳ ಬಿಟ್ಟಾಗ, ಅವರ ಎತ್ತರವನ್ನು ಕಂಡ ಪಿನಾಂಗಿನ ಚೀನೀ ವರ್ತಕರ ಸಂಘವೊಂದು ತನ್ನ ತಂಡಕ್ಕೆ ಕರೆದುಕೊಂಡಿತು. ಅಲ್ಲಿಂದ ಇಪೋ ಎಂಬ ಊರಿನ ತವರದ ಗಣಿಯವರ ತಂಡ, ಆಮೇಲೆ ಸಿಂಗಪುರದ ಬಂದರಿನವರದು, ಕೊನೆಗೆ ಕೊಲಂಬೋದ ಒಂದು ಕ್ಲಬ್ಬು. ಅನ್ನ ಹಾಕಿದವರ ಅಂಗಿ ತೊಟ್ಟು ಆಡುವುದು, ಹಂಗಾಮು ಮುಗಿದರೆ ಪೆಟ್ಟಿಗೆ ಕಟ್ಟುವುದು; ಇದೇ ಅವರ ಬದುಕಾಗಿತ್ತು. ಅದನ್ನು ಅವರು ನಮಗೆ ಅರ್ಥವಾಗುವ ಹಾಗೆ ಹೇಳುತ್ತಿದ್ದರು:

“ಸಂತೇಲಿ ಎತ್ತಿನ ಹಲ್ಲು ನೋಡ್ತಾರಲ್ಲ, ಅಲ್ಲಿ ನಮ್ಮ ಮೊಣಕಾಲು ನೋಡೋರು. ಒತ್ತಿ ನೋಡೋರು, ಕುಣಿಸಿ ನೋಡೋರು. ಸರಿ ಇದ್ರೆ ಹಗ್ಗ ಹಿಡ್ಕೊಂಡು ಹೊರಟ್ರು.”

“ಕಾಲು ಉಳುಕಿದ್ರೆ ಚಿಕ್ಕಪ್ಪ?”

“ಉಳುಕಿದ್ರೆ ಮುಂದಿನ ಊರಿಗೆ ಟಿಕೀಟು. ಬೆಂಚಿನ ಮೇಲೆ ಕೂತೋನಿಗೆ ಯಾರಮ್ಮ ಅನ್ನ ಹಾಕ್ತಾರೆ?”

ಹೇಳಿ ನಗುತ್ತಿದ್ದರು. ಎತ್ತನ್ನು ಮಾರಿದವನೂ ಕೊಂಡವನೂ ಸಂತೆಯಲ್ಲಿ ಮುಖ ತೋರಿಸಿಯೇ ವ್ಯವಹರಿಸುತ್ತಾರೆ. ಇವರನ್ನು ಊರಿಂದೂರಿಗೆ ಸಾಗಿಸಿದವರ ಮುಖಗಳು ಅವರ ಮಾತಿನಲ್ಲಿ ಎಂದೂ ಬರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಷ್ಟು ದೇಶ ತಿರುಗಿ ಅವರು ತಂದದ್ದು ಒಂದು ಚೆಂಡು ಮತ್ತು ಒಂದು ಪೆಟ್ಟಿಗೆ ತುಂಬ ತೋಳಿಲ್ಲದ ಬಣ್ಣಬಣ್ಣದ ಅಂಗಿಗಳು. ಅವ್ವ ಒಂದನ್ನು ಲಾಂದ್ರದ ಗಾಜು ಒರೆಸಲು ಇಟ್ಟುಕೊಂಡಳು. ಇಪೋದ ಕೆಂಪು ಅಂಗಿಯನ್ನು ಅಪ್ಪ ರಾಗಿ ಹೊಲದ ಬೆರ್ಚಪ್ಪನಿಗೆ ತೊಡಿಸಿದರು. ಆ ವರ್ಷ ನಮ್ಮ ಹೊಲದ ಗುಬ್ಬಿಗಳು ಚೀನೀ ಅಕ್ಷರಗಳಿಗೆ ಹೆದರಿ ಓಡಿದವು. ಚಿಕ್ಕಪ್ಪ ಹೊಲದ ಬದುವಿನ ಮೇಲೆ ನಿಂತು ಅದನ್ನು ನೋಡಿ, “ಅವನಿಗೆ ಚೆನ್ನಾಗಿ ಒಪ್ತದೆ ಬಿಡಣ್ಣ. ನಿಂತ ಕಡೆ ನಿಂತವ್ನೆ, ಪುಣ್ಯವಂತ” ಎಂದರು.

ನಿಂತ ಕಡೆ ನಿಲ್ಲುವುದು: ಅವರು ಊರಿಗೆ ಮರಳಿದ್ದು ಅದಕ್ಕಾಗಿಯೇ. ರಾಜಾಜಿನಗರದ ಹೊಸ ಬಡಾವಣೆಯ ಪಕ್ಕದಲ್ಲಿ ಎದ್ದ ಕಾರ್ಖಾನೆಯೊಂದು ತನ್ನ ಹೆಸರು ಬೆಳಗಿಸಲು ಬ್ಯಾಸ್ಕೆಟ್‌ಬಾಲ್ ತಂಡವೊಂದನ್ನು ಕಟ್ಟುತ್ತಿತ್ತು. ಅದರ ವೆಲ್‌ಫೇರ್ ಆಫೀಸರು ಚಿಕ್ಕಪ್ಪನನ್ನು ಕರೆಸಿ, “ಒಂದು ಕಪ್ಪು ಗೆದ್ದುಕೊಡು ಗಂಗಪ್ಪ, ನಿನ್ನನ್ನ ಕಾಯಂ ಕೋಚ್ ಮಾಡ್ತೀವಿ” ಎಂದು ಮಾತು ಕೊಟ್ಟಿದ್ದರು. ಅಲ್ಲಿಯವರೆಗೆ ಅವರು ಕಾರ್ಖಾನೆಯ ಲೆಕ್ಕದಲ್ಲಿ ಹಂಗಾಮಿ ಫಿಟ್ಟರ್. ಫಿಟ್ಟರ್ ಗಂಗಪ್ಪ ಸ್ಪ್ಯಾನರ್ ಹಿಡಿದದ್ದನ್ನು ಯಾರೂ ಕಂಡವರಿಲ್ಲ, ಹಿಡಿಯಬೇಕೆಂದು ಯಾರೂ ಬಯಸಲೂ ಇಲ್ಲ. ಬೆಳಿಗ್ಗೆ ಹಾಜರಿ ಹಾಕಿಸಿ ಮೈದಾನಕ್ಕೆ ಇಳಿಯುವುದೇ ಅವರ ಕೆಲಸ. “ಇನ್ನೊಂದು ಅಂಗಿ ಜಯಾ, ಇದೇ ಕಡೇದು” ಎಂದು ನನ್ನೊಡನೆ ಹೇಳಿದ್ದರು. ಹೇರೋಹಳ್ಳಿಯಿಂದ ಕಾಮಾಕ್ಷಿಪಾಳ್ಯದ ಮೇಲೆ ಹಾದು ಸೈಕಲ್ ತುಳಿಯುವಾಗ ಅವರ ಮೊಣಕಾಲುಗಳು ಹ್ಯಾಂಡಲಿಗೆ ತಾಗುತ್ತಿದ್ದವು. ದಾರಿಯ ಮಗ್ಗದ ಮನೆಗಳವರು ಹೊರಬಂದು ನೋಡುತ್ತಿದ್ದರು.

ಊರಿನಲ್ಲೂ ಆಡಬೇಕಲ್ಲ! ರಾಗಿ ಕೊಯ್ದು ಮೆದೆ ಒಟ್ಟಿದ್ದ ಕಾಲ. ತೆನೆ ತುಳಿಸಲು ಅಪ್ಪ ಕಣವನ್ನು ಮಾಡಿಸಿ ಇಟ್ಟಿದ್ದರು. ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡುಕಲ್ಲು ಉರುಳಿಸಿ, ಸಗಣಿ ಸಾರಿಸಿದ ನೆಲ. ಚಿಕ್ಕಪ್ಪ ಅದರ ಮೇಲೆ ಚೆಂಡನ್ನು ಒಮ್ಮೆ ಪುಟಿಸಿ ನೋಡಿ ಮಗುವಿನಂತೆ ಹಿಗ್ಗಿದರು. “ಸಿಂಗಪುರದಲ್ಲಿ ಹಲಗೆ ನೆಲ ಕಣೇ, ಚೆಂಡು ತಾನಾಗಿ ಕೈಗೆ ಬರೋದು. ಆದ್ರೆ ಬಿದ್ರೆ ಚರ್ಮ ಸುಲಿಯೋದು. ಇದು ಅವ್ವನ ಮಡಿಲು!” ಕಣದ ನಡುವೆ ಮೇಟಿ ನೆಟ್ಟಿತ್ತು, ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವ ಕಂಬ. ನಮ್ಮವರಿಗೆ ಅದು ಕಂಬವಲ್ಲ, ದೇವರು. ಅದಕ್ಕೆ ಹೂ ಮುಡಿಸಿ, ಹಣ್ಣು ಕಾಯಿ ಮಾಡಿದ ಮೇಲೆಯೇ ತೆನೆ ಹರಡುವುದು. ಪರದೇಶಗಳಲ್ಲಿ ಕಂಬವನ್ನು ಕಂಬವಾಗಿ ಮಾತ್ರ ಕಂಡು ಅಭ್ಯಾಸವಾಗಿದ್ದ ಚಿಕ್ಕಪ್ಪ ಮೇಟಿಗೆ ಬಿದಿರ ಕೋಲು ಬಿಗಿದು ಎತ್ತರಿಸಿ, ಚೆಂಡು ತೂರಿಸಲು ತುದಿಗೆ ಪೀಪಾಯಿಯ ಕಬ್ಬಿಣದ ಬಳೆಯನ್ನು ಕಟ್ಟಿಬಿಟ್ಟರು.

ಬೆಳಗಾಗುವಷ್ಟರಲ್ಲಿ ಅರ್ಧ ಊರು ಕಣದಲ್ಲಿತ್ತು. ನೆರೆಮನೆಯ ಕೆಂಪಜ್ಜಿ ಸೊಂಟದ ಮೇಲೆ ಕೈಯಿಟ್ಟು, “ಮೇಟಿಗೆ ಬಳೆ ತೊಡಿಸಿದ್ದೀಯಲ್ಲೋ ಗಂಗ! ಧಾರೆ ಯಾವಾಗ?” ಎಂದಳು. ಜನ ನಕ್ಕರು. ಅಪ್ಪ ನಗಲಿಲ್ಲ.

“ಬಿಚ್ಚು.”

“ಅಣ್ಣ, ಗೊತ್ತಾಗಲಿಲ್ಲ...”

“ಗೊತ್ತಿತ್ತು. ಮರೆತಿದ್ದೀಯ. ಅದು ಇನ್ನೂ ಕೆಟ್ಟದ್ದು. ಈ ಸಲ ಒಕ್ಕಣೆ ಶುರುವಾದ್ಮೇಲೆ ರಾಶಿ ಎತ್ತೋವರೆಗೂ ನೀನು ಕಣ ಬಿಡಂಗಿಲ್ಲ. ಮನೆ ಗಂಡಸರು ಬಿಡಬಾರದು, ಅದು ಪದ್ಧತಿ. ಎಷ್ಟು ವರ್ಷದಿಂದ ನಾನೊಬ್ನೇ ಕಾದಿದ್ದೀನಿ.”

ಚಿಕ್ಕಪ್ಪ ತಲೆಬಾಗಿ ಒಪ್ಪಿದರು. ಬಳೆ ಕಣದಂಚಿನ ಹುಣಸೆಮರಕ್ಕೆ ಹೋಯಿತು. ಅಲ್ಲಿಯೇ ನಾನು ಆಟ ಕಲಿತೆ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು. ಕೆಂಪಜ್ಜಿ ಬಿಡುವವಳೇ? “ಹೆಣ್ಣಿನ ಕೈಗೆ ಚೆಂಡು ಕೊಟ್ರೆ ಮುದ್ದೆ ಕಟ್ಟೋರು ಯಾರಪ್ಪ?”

“ಮುದ್ದೆ ಕಟ್ಟೋ ಕೈಗೆ ಚೆಂಡೇನು ಹೊಸದಾ ಅಜ್ಜಿ? ನೀನೂ ಬಾ, ಒಂದು ಕೈ ನೋಡೋಣ!”

ಅಜ್ಜಿ ಬಂದಳು. ಎಸೆದ ಚೆಂಡು ಹುಣಸೆಮರದಿಂದ ಕಾಯಿ ಉದುರಿಸಿತು. ಅವುಗಳನ್ನು ಮಡಿಲಿಗೆ ತುಂಬಿಕೊಂಡು, ಗೆದ್ದವಳಂತೆ ಹೋದಳು.

ಸಂಕ್ರಾಂತಿಯ ಹೊತ್ತಿಗೆ ಒಕ್ಕಣೆ ಆರಂಭವಾಯಿತು. ಅದೇ ದಿನಗಳಲ್ಲಿ ಕಾರ್ಖಾನೆಯ ತಂಡಕ್ಕೆ ದಂಡುಪ್ರದೇಶದಲ್ಲಿ ಒಂದು ಪಂದ್ಯ ಬಿತ್ತು. ಚಿಕ್ಕಪ್ಪ ಮೊದಲೇ ಹೋಗಿ ರಜೆ ಕೇಳಿದರು, ಸಿಗಲಿಲ್ಲ. ಅಣ್ಣನಿಗೆ ಕೊಟ್ಟ ಮಾತಿನಂತೆ ಕಣದಲ್ಲೇ ಉಳಿದರು. ಎತ್ತುಗಳ ಹಿಂದೆ ಅವರು ಸುತ್ತು ಹಾಕುವುದನ್ನು ನೋಡಿದ್ದು ನನಗೆ ಅದೇ ಮೊದಲು, ಅದೇ ಕೊನೆ. ರಾಶಿ ಎತ್ತಿ ಕೆಲಸಕ್ಕೆ ಮರಳಿದಾಗ ಆಫೀಸರು ಎಲ್ಲರೆದುರಿಗೆ ಗದರಿಸಿ, ಅಷ್ಟೂ ದಿನ ಗೈರುಹಾಜರಿ ಹಾಕಿಸಿದರಂತೆ. “ಆಟ ಅಂದ್ರೆ ಡ್ಯೂಟಿ ಕಣಯ್ಯಾ, ನಿನ್ನ ಹೊಲದ ಕೆಲಸ ಅಂದ್ಕೊಂಡ್ಯಾ?” ಈ ಮಾತನ್ನು ಚಿಕ್ಕಪ್ಪ ಸಂಜೆ ಮನೆಯಲ್ಲಿ ಅನುಕರಿಸಿ ತೋರಿಸಿ ನಗಿಸಿದರು. ನಾವು ನಕ್ಕೆವು. ಡ್ಯೂಟಿ ಎಂಬ ಆ ಶಬ್ದವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಯುಗಾದಿಯ ಮುಂಚೆ ಕಪ್ಪಿನ ಪಂದ್ಯಗಳು ನಡೆದವು. ಆ ಹೊತ್ತಿಗಾಗಲೇ ಚಿಕ್ಕಪ್ಪನ ಬಲ ಮೊಣಕಾಲು ಊದಿಕೊಂಡಿತ್ತು. ಕಾರ್ಖಾನೆಯ ವೈದ್ಯರು ವಿಶ್ರಾಂತಿ ಹೇಳಿದರು. ಆಫೀಸರು ಪಟ್ಟಿ ಸುತ್ತಿಸಿದರು. “ಕಪ್ಪು ಇಲ್ಲದೆ ಕೋಚ್ ಕೆಲಸ ಎಲ್ಲಿಂದ ತರ್ಲಿ ಗಂಗಪ್ಪ?” ಅಪ್ಪ ಬೇಡವೆಂದರು. ಅವ್ವ ಸೈಕಲ್ಲಿನ ಬೀಗದ ಕೈಯನ್ನು ಬಚ್ಚಿಟ್ಟಳು. ಚಿಕ್ಕಪ್ಪ ಅವಳೆದುರು ಅಂಗೈ ಚಾಚಿ ನಿಂತು, “ಕಣ್ ಕೊಡು ಅತ್ತಿಗೆ. ಇದೊಂದು ಆಟ. ಆಮೇಲೆ ನಾನೆಲ್ಲೂ ಹೋಗಲ್ಲ” ಎಂದರು. ಅವಳು ಬೀಗದ ಕೈಯನ್ನು ಎಸೆಯದೆ ನೆಲದ ಮೇಲಿಟ್ಟು ಒಳಗೆ ಹೋದಳು.

ಅಂತಿಮ ಪಂದ್ಯಕ್ಕೆ ನಾನು ಹೋಗಿದ್ದೆ. ಎದುರಿಗೆ ಪಟ್ಟಾಳದ ತಂಡ. ಎಲ್ಲರೂ ಇಪ್ಪತ್ತರ ಹುಡುಗರು. ಚಿಕ್ಕಪ್ಪ ಓಡಲಿಲ್ಲ, ಓಡಬೇಕಾದ ಅಗತ್ಯವೇ ಬೀಳದ ಜಾಗಗಳಲ್ಲಿ ನಿಂತರು. ಚೆಂಡು ಅವರ ಕೈಗೆ ಬಂದಾಗಲೆಲ್ಲ ಒಂದು ಕ್ಷಣ ಕಣ್ಣು ಹುಡುಕುವುದು, ಮರುಕ್ಷಣ ಚೆಂಡು ಅಲ್ಲಿರುವುದು. ನಮ್ಮ ನಡುಮನೆಯನ್ನೇ ಮೈದಾನದಲ್ಲಿ ಹಾಸಿದಂತಿತ್ತು. ಕೊನೆಯ ಘಳಿಗೆಯಲ್ಲಿ ಬಳೆಗೆ ತಾಗಿ ಹೊರಬಿದ್ದ ಚೆಂಡಿಗಾಗಿ ಅವರು ಜಿಗಿದರು. ಗಾಳಿಯಲ್ಲೇ ಅದನ್ನು ಹಿಡಿದು, ಗಾಳಿಯಲ್ಲೇ ಜೊತೆಯವನಿಗೆ ಎಸೆದರು. ಅವನು ಅದನ್ನು ಬಳೆಗೆ ಹಾಕಿದ. ಜನ ಎದ್ದು ಕೂಗಿದರು. ಚಿಕ್ಕಪ್ಪ ನೆಲಕ್ಕೆ ಬಂದದ್ದು ಬಲಗಾಲಿನ ಮೇಲೆ. ಆ ಗದ್ದಲದಲ್ಲಿ ಅವರು ಬಿದ್ದದ್ದನ್ನು ತಂಡದವರು ಕಂಡದ್ದು ಕಪ್ಪನ್ನು ಎತ್ತಿಕೊಳ್ಳಲು ಓಡುವಾಗ, ಅವರನ್ನು ದಾಟಬೇಕಾಗಿ ಬಂದಾಗ.

ಕಾರ್ಖಾನೆಯ ಆಸ್ಪತ್ರೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಕೆಲಸದ ಮೇಲೆ ಆದ ಗಾಯವಲ್ಲವೆಂದು ವಾಪಸು ಕಳಿಸಿತು. ಕೆಂಗೇರಿಯಿಂದ ಮೂಳೆ ಕಟ್ಟುವವರನ್ನು ಕರೆಸಿ ಬಿದಿರ ದಬ್ಬೆ ಕಟ್ಟಿಸಿದೆವು. ಕಾಲು ಕೂಡಿತು, ಆದರೆ ಮಡಿಸಲು ಬಾರದೆ ನೆಟ್ಟಗೆ ನಿಂತುಬಿಟ್ಟಿತು. ಕೋಲು ಊರಿ ನಡೆಯುವಷ್ಟಾದಾಗ ಅವರೊಡನೆ ನಾನೂ ಆಫೀಸರನ್ನು ಕಾಣಲು ಹೋದೆ. ಅವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಹೊಸ ಛಾಯಾಚಿತ್ರವಿತ್ತು. ನಡುವೆ ಆಫೀಸರು, ಅವರ ತೊಡೆಯ ಮೇಲೆ ಕಪ್ಪು, ಸುತ್ತ ತಂಡ. ಚಿಕ್ಕಪ್ಪ ಅದರಲ್ಲಿ ಇರಲಿಲ್ಲ.

“ಏನ್ಮಾಡೋದು ಗಂಗಪ್ಪ,” ಆಫೀಸರು ಕನಿಕರದಿಂದಲೇ ಅಂದರು, “ಕುಂಟೋನು ಹೇಗೆ ಕೋಚ್ ಮಾಡ್ತಾನೆ ಅಂತ ಮೇಲಿನೋರು ಕೇಳ್ತಾರೆ. ಫಿಟ್ಟರ್ ಕೆಲಸವೂ ನಿನ್ನಿಂದ ಆಗಲ್ಲ. ಆಸ್ಪತ್ರೆ ವಿಚಾರ ಅಂತೂ ಕೇಳಲೇಬೇಡ. ಆಟ ಆಡೋದು ಅವರವರ ಖುಷಿ.”

ನನಗೆ ತಡೆಯಲಾಗಲಿಲ್ಲ. “ಸಾರ್, ಸಂಕ್ರಾಂತೀಲಿ ಡ್ಯೂಟಿ ಆಗಿದ್ದು ಯುಗಾದಿಗೆ ಖುಷಿ ಹೇಗಾಯ್ತು?”

ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. “ಕಾಲೇಜೇನಮ್ಮ? ಚೆನ್ನಾಗಿ ಓದು.”

“ಓದಿದ್ದಕ್ಕೇ ಕೇಳ್ತಿದ್ದೀನಿ ಸಾರ್. ಕಣದಲ್ಲಿ ಉಳಿದಾಗ ಗೈರುಹಾಜರಿ ಹಾಕಿದ್ರಿ. ಹಾಗಾದ್ರೆ ಮೈದಾನದಲ್ಲಿ ಬಿದ್ದಾಗ ಅವರು ಹಾಜರಿದ್ರೋ ಇಲ್ವೋ?”

ಉತ್ತರ ಬರುವ ಮೊದಲೇ ಚಿಕ್ಕಪ್ಪನ ಕೈ ನನ್ನ ಭುಜದ ಮೇಲೆ ಬಿತ್ತು. “ಬಾ ಜಯಾ. ರೆಫರಿ ಸೀಟಿ ಊದಿದ ಮೇಲೆ ಮಾತಾಡಬಾರದು. ತಂಡಕ್ಕೇ ತಪ್ಪು ಬೀಳ್ತದೆ.” ಆಫೀಸರಿಗೆ ಕೈಮುಗಿದು ಹೊರಟರು.

ಪಿನಾಂಗಿನಿಂದ ಕೊಲಂಬೋವರೆಗೆ ಬದುಕು ಅವರಿಗೆ ಕಲಿಸಿದ್ದ ಈ ಶಿಸ್ತಿನ ಮೇಲೆ ನನಗಿರುವಷ್ಟು ಕೋಪ ಆ ಆಫೀಸರ ಮೇಲೂ ಇಲ್ಲ. ಮೈದಾನದಲ್ಲಿ ರೆಫರಿ ಯಾರ ಕಡೆಯವನೂ ಅಲ್ಲ. ಅವನ ಸೀಟಿಗೆ ಬಾಗುವುದು ಧರ್ಮ. ಆ ಕುರ್ಚಿಯಲ್ಲಿ ಕುಳಿತವನು ಎದುರು ತಂಡದವನು. ಅವನ ಬಾಯಿಗೆ ಸೀಟಿ ಕೊಟ್ಟವರು ಯಾರು? ಮನುಷ್ಯನೊಬ್ಬನ ಮೊಣಕಾಲನ್ನು ಹಂಗಾಮಿಗೆ ಕೊಂಡು, ಮುರಿದ ದಿನ ಅದು ಅವನ ಸ್ವಂತದ್ದೆಂದು ಹಿಂದಿರುಗಿಸುವುದು ಯಾವ ನ್ಯಾಯ? ಕಾರ್ಖಾನೆಯ ಆಡಳಿತದವರು ಇದಕ್ಕೆ ಉತ್ತರ ಹೇಳಬೇಕು. ಅಂದು ಎದ್ದು ನಿಂತು ಚಪ್ಪಾಳೆ ತಟ್ಟಿ, ಮರುದಿನ ಅವರ ಹೆಸರನ್ನೂ ಕೇಳದೆ ಹೋದ ನಗರವೂ ಹೇಳಬೇಕು. ಒಂದು ಕಪ್ಪು, ಒಂದು ಕಾಲು. ಎರಡೂ ಒಂದೇ ಜಿಗಿತದಲ್ಲಿ ಬಂದವು. ಗೋಡೆಯ ಮೇಲೆ ಒಂದಕ್ಕೆ ಮಾತ್ರ ಜಾಗ ಸಿಕ್ಕಿತು.

ಮಳೆಗಾಲ ಹಿಡಿಯುವ ಮುಂಚೆ ಚಿಕ್ಕಪ್ಪ ಹೊರಟರು. ಪಿನಾಂಗಿನ ಹಳೆಯ ವರ್ತಕನೊಬ್ಬ ಉಗ್ರಾಣ ಕಾಯಲು ಆಳು ಬೇಕೆಂದು ಯಾರ ಮೂಲಕವೋ ಹೇಳಿ ಕಳಿಸಿದ್ದ. ಅಪ್ಪ, “ಮನೇಲಿ ಅನ್ನ ಇಲ್ವೇನೋ?” ಎಂದು ಕೂಗಾಡಿದರು. “ಇದೆ ಅಣ್ಣ. ಬೆಂಚಿನ ಮೇಲೆ ಕೂತು ಉಣ್ಣೋದು ನನಗೆ ಅಭ್ಯಾಸವಿಲ್ಲ” ಎಂದರು ಚಿಕ್ಕಪ್ಪ. ಅಪ್ಪ ನಿಲ್ದಾಣಕ್ಕೆ ಬರಲಿಲ್ಲ.

ಮದರಾಸಿನ ರೈಲಿನ ಕಿಟಕಿಯ ಬಳಿ ಅವರು ಕಾಲು ನೀಡಿಕೊಂಡು ಕುಳಿತಿದ್ದರು. ಮಡಿಯದ ಕಾಲು ಎದುರಿನ ಹಲಗೆಗೆ ತಾಗುತ್ತಿತ್ತು. ರೈಲು ಸೀಟಿ ಹಾಕಿದಾಗ ಅವರು ಚೀಲದಿಂದ ಚೆಂಡನ್ನು ಹೊರತೆಗೆದರು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಕೊಟ್ಟೆ. ಎರಡು ಕೈಗಳನ್ನೂ ಎದೆಯ ಮಟ್ಟಕ್ಕೆ ತಂದು ನಿಂತೆ.

“ಎಸಿ ಚಿಕ್ಕಪ್ಪ, ಹಿಡೀತೀನಿ.”

ಅವರು ನನ್ನ ಕಣ್ಣನ್ನು ನೋಡಿದರು. “ಎಸೆಯೋಕೆ ನೆಲದ ಮೇಲೆ ಎರಡು ಕಾಲು ಬೇಕು ಕಣಮ್ಮ. ಹತ್ರ ಬಾ.”

ನಾನು ಹತ್ತಿರ ಹೋದೆ. ಕಿಟಕಿಯಾಚೆಯಿಂದ ಎರಡೂ ಕೈ ಚಾಚಿ ಅವರು ಚೆಂಡನ್ನು ನನ್ನ ಕೈಯಲ್ಲಿಟ್ಟರು.