ವೀರಭದ್ರಪ್ಪನವರ ಕಿರುಬೆರಳು

ತ್ರಿಪ್ಪುಣಿತ್ತುರದ ರೈಫಲ್ ಕ್ಲಬ್ಬಿಗೆ ಯಾರೇ ಹಳೆಯ ಬಂದೂಕು ಕೊಂಡು ತರಲಿ, ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದ ಧಾರವಾಡದ ವೀರಭದ್ರಪ್ಪನವರ ತಪಾಸಣೆಯಿಲ್ಲದೆ ಗುಂಡು ಹಾರದು. ನಳಿಗೆಯನ್ನು ಮರಳುಚೀಲದತ್ತ ತಿರುಗಿಸಿ, ಹಿಂಬದಿಯ ಅಗುಳಿಯಂಥ ಬೋಲ್ಟ್ ಎಳೆದು, ಗುಂಡು ಕೂರುವ ಗೂಡಿನೊಳಗೆ ಹಲ್ಲಿನ ಡಾಕ್ಟರರಂತೆ ಟಾರ್ಚ್ ಬಿಟ್ಟು ಇಣುಕಿ, ಕೊನೆಗೆ ಕಿರುಬೆರಳಿನಿಂದ ಸವರುತ್ತಾರೆ. ಕಲೆಕ್ಟರರೇ "ಖಾಲಿ" ಎಂದು ಬರೆದುಕೊಟ್ಟರೂ "ಇರಬಹುದ್ರೀ, ನೋಡೂಣು" ಎನ್ನುವ ಆಸಾಮಿ. ಐಟಿ ಪಾರ್ಕಿನ ಗ್ರೀಷ್ಮಾ ತನ್ನ ಸೆಕೆಂಡ್‌ಹ್ಯಾಂಡ್ ರೈಫಲ್ ತಂದ ದಿನ ಕುತೂಹಲ ತಡೆಯಲಾರದೆ ಕೇಳಿದಳು: "ಕಣ್ಣಲ್ಲಿ ನೋಡಿದ್ಮೇಲೆ ಬೆರಳು ಯಾಕೆ ಅಂಕಲ್?" ಅವರು ತಲೆಯೆತ್ತಲಿಲ್ಲ. "ಖಾಲಿ ಐತಿ ಅಂತ ಒಮ್ಮೆ ಗೆಳೆಯನ ಕೈಗೆ ಕೊಟ್ಟಿದ್ದೆ, ತಂಗೀ. ಬರೇ ನೋಡಿದ್ದೆ, ಮುಟ್ಟಿರ್ಲಿಲ್ಲ. ಅವ ಉಳೀಲಿಲ್ಲ." ಬೋಲ್ಟ್ ಮುಚ್ಚದೆಯೇ ರೈಫಲನ್ನು ಅವಳತ್ತ ಚಾಚಿದರು: "ಇದು ಖಾಲಿ ಐತಿ. ಆದ್ರ ನನ್ನ ಮಾತು ನಂಬಬ್ಯಾಡ, ನೀನೂ ಮುಟ್ಟಿ ನೋಡು."