ಬ್ರೇಕಿನ ಮೇಲಿನ ಕಾಲು

ರಿಟೈರಾದವನ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಕೇಳಬೇಕೆ! ಹುಬ್ಬಳ್ಳಿ ಕಡೆಯ ಗೆಳೆಯ ಕುಲಕರ್ಣಿಯವರ ಹಳೇ ಕಾರಿಗೆ ಪೆಡಲು ಒತ್ತದೆಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ನಾನೇ ಕೂರಿಸಿದೆ. ಪಾಲೋ ಆಲ್ಟೋದ ಆಸ್ಪತ್ರೆಯಲ್ಲಿರುವ ಹೆಂಡತಿಯನ್ನು ನೋಡಲು ಸುಮಾರು ಐವತ್ತು ಮೈಲಿ ದೂರದ ಗಿಲ್‌ರಾಯ್‌ನಿಂದ ದಿನಾ ಓಡಾಡುವ ಅವರ ಮಂಡಿಗೆ ಆರಾಮ ಸಿಗಲಿ ಅಂತ. ಆದರೆ ಸ್ಪೀಡು ಸೆಟ್ ಮಾಡಿದ ಕೂಡಲೇ ಅದು ಆಫ್ ಆಗುತ್ತಿತ್ತಂತೆ. ವೈರುಗಳನ್ನೆಲ್ಲ ಮತ್ತೆ ನೋಡಿದೆ, ಸರಿಯಾಗಿದ್ದವು. ಕೊನೆಗೆ ಒಂದು ದಿನ ಆಸ್ಪತ್ರೆಗೆ ಹೊರಟವರ ಪಕ್ಕದಲ್ಲಿ ಕೂತು ಫ್ರೀವೇಗೆ ಹೋದರೆ, ಅವರ ಕಾಲು ಮೆಲ್ಲಗೆ ಬ್ರೇಕಿನ ಮೇಲೆ!

“ಬ್ರೇಕು ಮುಟ್ಟಿದರೆ ಅದು ಆಫ್ ಆಗತ್ತೆ ರಾಯರೇ, ಕಾಲು ತೆಗೀರಿ!” ಅಂದೆ, ನನ್ನ ವೈರಿಂಗು ಗೆದ್ದ ಖುಷಿಯಲ್ಲಿ.

“ತಗದ್ರ ಲಗೂನ ದವಾಖಾನಿ ಮುಟ್ಟತೀವಲ್ರೀ. ಇವತ್ತ ಡಾಕ್ಟರು ಏನ್ ಹೇಳ್ತಾರೋ ಅಂತ ಅಂಜಿಕಿ.”

ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಸ್ಟೇರಿಂಗು ನಾನು ಹಿಡಿದೆ. ಪಕ್ಕದ ಸೀಟಿನಲ್ಲಿ ಅವರ ಕಾಲು ದಾರಿಯುದ್ದಕ್ಕೂ ನೆಲವನ್ನು ಒತ್ತುತ್ತಲೇ ಇತ್ತು. ಹಾಳಾದ್ದು, ನನ್ನ ಕ್ರೂಸು ಒಂದು ಸಲವೂ ಆಫ್ ಆಗಲಿಲ್ಲ.