ಉಳಿದ ಅವಧಿಯ ಸೆನೆಟರ್

ಸೆನೆಟರ್‌ಗಳು ಎದೆಗೆ ಸಿಕ್ಕಿಸಿಕೊಳ್ಳುವ ಆ ಪಿನ್ನಿನ ಹಿಂದೆ ಸೂಜಿ ಇರಲಿಲ್ಲ, ಅಯಸ್ಕಾಂತವಿತ್ತು. ರೇಷ್ಮೆ ಸೀರೆಗೆ ತೂತು ಬೀಳಬಾರದೆಂದು ಆಂಟಿ ಕೇಳಿ ಬದಲಾಯಿಸಿಕೊಂಡಿದ್ದರು.

ಆಂಟಿ ಎಂದರೆ ಅಮೆರಿಕದ ಲೊಂಬಾರ್ಡ್‌ನಲ್ಲಿ ನಾನು ಜೂನಿಯರ್ ಆಗಿದ್ದ ಪುಟ್ಟ ಲಾ ಆಫೀಸಿನ ಒಡತಿ. ಮೈಸೂರಿನಲ್ಲಿ ಓದಿದ ಕಾನೂನು ಇಲ್ಲಿ ನಡೆಯದೆಂದು ಮತ್ತೆ ಓದಿ, ಇಪ್ಪತ್ತು ವರ್ಷ ಬಾಡಿಗೆದಾರರ ಜಗಳಗಳನ್ನೂ ಉಯಿಲುಗಳನ್ನೂ ನೋಡಿಕೊಂಡವರು. ರಾಜ್ಯದ ಶಾಸನಸಭೆಯಲ್ಲಿದ್ದ ನಮ್ಮ ಭಾಗದ ಸ್ಟೇಟ್ ಸೆನೆಟರ್ ನಡುವೆಯೇ ರಾಜೀನಾಮೆ ಕೊಟ್ಟಾಗ, ಉಳಿದ ಅವಧಿಗೆ ಪಕ್ಷದ ಸಮಿತಿ ಇವರನ್ನು ನೇಮಿಸಿತು. ಒಂದೇ ಷರತ್ತು: ಮುಂದಿನ ಚುನಾವಣೆಗೆ ನಿಲ್ಲಬಾರದು. ಹಾಗೆಂದು ಅವರು ಬರೆದುಕೊಟ್ಟ ಪತ್ರವನ್ನು ಟೈಪ್ ಮಾಡಿದ್ದು ನಾನು.

ವುಡ್‌ರಿಡ್ಜ್‌ನ ಒಂದು ಗೃಹಪ್ರವೇಶದಲ್ಲಿ ಐಟಿ ಕಂಪನಿಯವರೊಬ್ಬರು ತಟ್ಟೆ ಹಿಡಿದೇ ಬಂದರು. “ಆಂಟಿ, ಸೆನೆಟರ್ ಆದ್ರಲ್ಲ, ನಮ್ ಗ್ರೀನ್ ಕಾರ್ಡ್ ಸ್ವಲ್ಪ ನೋಡಿ.”

“ಅದು ವಾಷಿಂಗ್ಟನ್ ಸೆನೆಟ್ ಕಣಪ್ಪ. ನಂದು ಸ್ಪ್ರಿಂಗ್‌ಫೀಲ್ಡ್, ನಮ್ ರಾಜ್ಯದ್ದು. ರೋಡಲ್ಲಿ ಗುಂಡಿ ಇದ್ರೆ ಹೇಳು.”

“ಹಾಗಾದ್ರೆ ಎಲೆಕ್ಷನ್‌ಗೆ ನಿಂತ್ಕೊಂಡು ಅಲ್ಲಿಗೇ ಹೋಗ್ಬಿಡಿ!”

ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ. ಆ ಕುರ್ಚಿ ಅವರಿಗೆ ಹಿಡಿಸಿಬಿಟ್ಟಿದೆ ಎಂದು ನನಗೆ ತಿಳಿದದ್ದು ಆಗ.

ಅಭ್ಯರ್ಥಿಗಳು ಅರ್ಜಿ ಹಾಕುವ ಗಡುವಿಗೆ ನಾಲ್ಕು ದಿನ ಉಳಿದಿದ್ದಾಗ, ಅಧಿವೇಶನ ಮುಗಿಸಿದ ಅವರನ್ನು ಸ್ಪ್ರಿಂಗ್‌ಫೀಲ್ಡ್‌ನಿಂದ ನಾನೇ ಕಾರಿನಲ್ಲಿ ಕರೆತಂದೆ. ಸಂಜೆಯಾಗುತ್ತಿತ್ತು. ಕಟಾವಾಗುತ್ತಿದ್ದ ಮುಸುಕಿನ ಜೋಳದ ಹೊಲಗಳ ಮೇಲೆ ಧೂಳು ಕೆಳಗಿಳಿಯದೆ ನಿಂತಿತ್ತು. ಅದರೊಳಗೆ ಯಂತ್ರವೊಂದು ದೀಪ ಹಚ್ಚಿಕೊಂಡು ತೇಲುತ್ತಿತ್ತು. ಹೆದ್ದಾರಿಯ ಎಕ್ಸಿಟ್‌ಗಳ ಹೆಸರುಗಳು ಓದಿ ಮುಗಿಸುವ ಮೊದಲೇ ಹಿಂದೆ ಸರಿಯುತ್ತಿದ್ದವು. ಕಾರು ಇದ್ದಲ್ಲೇ ಇದೆ, ಇಡೀ ರಾಜ್ಯ ನಮ್ಮ ಕೆಳಗೆ ಮೆಲ್ಲಗೆ ಜಾರುತ್ತಿದೆ ಅನ್ನಿಸಿತು.

“ಆ ಲೆಟರ್‌ನಲ್ಲಿ ತಪ್ಪಿಸ್ಕೊಳ್ಳೋಕೆ ಎಲ್ಲಾದ್ರೂ ಸಂದು ಇದೆಯಾ? ಎಸ್ ಆರ್ ನೋ ಹೇಳು. ಭಾಷಣ ಬೇಡ,” ಎಂದರು ಆಂಟಿ, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ದನಿಯಲ್ಲಿ.

ಅವರು ನಿಂತು ಗೆದ್ದರೆ ಆಫೀಸು ನನ್ನ ಕೈಗೆ ಬರುತ್ತಿತ್ತು. ಆ ಮಾತನ್ನು ನಾವಿಬ್ಬರೂ ಎಂದೂ ಆಡಿರಲಿಲ್ಲ.

“ನೋ, ಆಂಟಿ.”

“ಸರಿಯಾಗಿ ಹುಡುಕಿದ್ಯಾ?”

“ಮೂರು ಸಲ.”

ಅವರು ಕಿಟಕಿಯತ್ತ ತಿರುಗಿ ಹೊಲಗಳನ್ನು ನೋಡತೊಡಗಿದರು. ಮೂವತ್ತು ಮೈಲಿ ಕಳೆದ ಮೇಲೆ, “ಸರಿ ಬಿಡು. ನಿಲ್ಲಲ್ಲ,” ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ, “ಅಲ್ಲ ಕಣೇ, ನೀನ್ಯಾಕೆ ಮೂರು ಸಲ ಹುಡುಕ್ದೆ?”



ಮರುದಿನ ಬೆಳಿಗ್ಗೆ ಏಳಕ್ಕೇ ಆಫೀಸಿಗೆ ಹೋಗಿ, ತಿಂಗಳುಗಳಿಂದ ಅವರ ಮೇಜಿನ ತುಂಬ ಹರಡಿಕೊಂಡಿದ್ದ ನನ್ನ ಫೈಲುಗಳನ್ನು ಎತ್ತಿ, ಜೆರಾಕ್ಸ್ ಯಂತ್ರದ ಪಕ್ಕದ ನನ್ನ ಜಾಗಕ್ಕೆ ತಂದಿಟ್ಟೆ.